ಪುಷ್ಪಲತಾ ಮೇಡಂ ಮತ್ತು ಕತ್ತರಿಸಿದ ಮಾತು

ಸಿಟ್ಟು ಬಂದರೆ ನಮ್ಮ ಕಾಲೇಜಿನ ಜೀವಶಾಸ್ತ್ರದ ಪುಷ್ಪಲತಾ ಮೇಡಂ ನಡೆಯುವುದನ್ನು ನಿಲ್ಲಿಸಿಬಿಡುತ್ತಾರೆ. ಲೋಕದಲ್ಲಿ ಸಿಟ್ಟಾದವರು ಬಿರಬಿರನೆ ಹೆಜ್ಜೆ ಹಾಕುತ್ತಾರೆ, ಬಾಗಿಲು ಬಡಿಯುತ್ತಾರೆ, ಕಾಫಿ ಲೋಟ ಕುಕ್ಕುತ್ತಾರೆ. ಇವರು ಮಾತ್ರ ಎಲ್ಲಿದ್ದರೆ ಅಲ್ಲಿ, ಹೆಗಲ ಚೀಲ ಕೂಡ ಅಲುಗಾಡದಂತೆ, ನೆಟ್ಟ ಕಲ್ಲಾಗಿ ನಿಂತುಬಿಡುತ್ತಾರೆ. ಒಮ್ಮೆ ಕಾಲೇಜು ಬಿಟ್ಟು ಬರುವಾಗ ಜೊತೆಯಲ್ಲಿದ್ದ ನಮ್ಮ ಸಹೋದ್ಯೋಗಿಯೊಬ್ಬರು, ನೆಗಡಿಗೆ ಆಂಟಿಬಯಾಟಿಕ್ ನುಂಗಿದರೆ ಎರಡೇ ದಿನಕ್ಕೆ ಇಳಿಯುತ್ತದೆ ಎಂದು ಲೋಕಾಭಿರಾಮವಾಗಿ ಅಂದದ್ದೇ ತಡ, ದಾವಣಗೆರೆಯ ಪಿ.ಬಿ. ರಸ್ತೆಯ ನಟ್ಟನಡುವೆ ಮೇಡಂ ನಿಂತರು. ಹರಿಹರದಿಂದ ಬಂದ ಬಸ್ಸು ಮೂಗಿನ ಹತ್ತಿರ ಬಂದು ಹಾರನ್ ಹೊಡೆಯಿತು. ಅವರು ಡ್ರೈವರನ ಕಡೆ ಒಂದು ಅಂಗೈ ಎತ್ತಿ, ತರಗತಿಯಲ್ಲಿ ಗಲಾಟೆ ಮಾಡುವ ಹುಡುಗನಿಗೆ ತೋರಿಸುವ ಹಾಗೆ ತೋರಿಸಿ, ವೈರಸ್ಸಿಗೂ ಬ್ಯಾಕ್ಟೀರಿಯಾಕ್ಕೂ ಇರುವ ವ್ಯತ್ಯಾಸವನ್ನು ಆದ್ಯಂತವಾಗಿ ವಿವರಿಸಿದ ನಂತರವೇ ಮುಂದಿನ ಹೆಜ್ಜೆ ಇಟ್ಟದ್ದು. ಡ್ರೈವರ್ ಬೈಯಲಿಲ್ಲ. ಮೈಮೇಲಿನ ಬಿಳಿ ಏಪ್ರನ್ ನೋಡಿ, ಯಾರೋ ದೊಡ್ಡ ಡಾಕ್ಟರಮ್ಮ ಇರಬೇಕೆಂದು ಸುಮ್ಮನಾಗಿರಬೇಕು.

ಬಿಳಿ ಎಂದೆ, ಅದು ಬಿಳಿಯಾಗಿದ್ದ ಕಾಲವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಸ್ಲೈಡುಗಳಿಗೆ ಹಚ್ಚುವ ನೇರಳೆ ಬಣ್ಣದ ಹನಿಗಳು ಎದೆಯ ಮೇಲೆ, ಆಮ್ಲ ಸುಟ್ಟ ತೂತುಗಳು ತೋಳಿನ ಮೇಲೆ, ಕನ್ನಡಕ ಒರೆಸಿ ಒರೆಸಿ ಮಾಸಿದ ಅಂಚು, ಭಾರಕ್ಕೆ ಜೋತುಬಿದ್ದ ಬಲಜೇಬು. ಪ್ರಯೋಗಾಲಯದಲ್ಲಿ ತೊಟ್ಟದ್ದನ್ನು ಹೊರಗೆ ಹೊರಡುವಾಗ ಕಳಚಬೇಕೆಂದು ಮಕ್ಕಳಿಗೆ ಪಾಠ ಮಾಡುವ ಅವರು ತಾವು ಮಾತ್ರ ಅದನ್ನು ಸೀರೆಯ ಮೇಲೆ ತೊಟ್ಟೇ ತರಕಾರಿ ಸಂತೆಗೂ ಹೋಗುತ್ತಾರೆ. ಯಾರಾದರೂ ಇದನ್ನು ಎತ್ತಿ ಆಡಿದರೆ, "ಎರಡು ಅದಾವ್ರಿ. ಒಗೆದ ಏಪ್ರನ್ನು ಹೊರಗಿಂದು, ಒಗೀದಿದ್ದು ಒಳಗಿಂದು. ನಿಮಗೆ ಎರಡೂ ಒಂದೇ ಥರ ಕಾಣ್ತವೆ, ಅಷ್ಟೇ" ಎಂದು ಗಂಭೀರವಾಗಿಯೇ ಉತ್ತರಿಸುತ್ತಾರೆ.

ಸುಳ್ಳಿನ ಮೇಲೆ ಅವರಿಗೆ ಅಂಥ ದ್ವೇಷವಿಲ್ಲ. ಸುಳ್ಳು ಎಲ್ಲಾದರೂ ಒಂದು ಕಡೆ ಎಡವಿ ಬಿದ್ದೇ ಬೀಳುತ್ತದೆ ಎಂಬುದು ಅವರ ಎಣಿಕೆ. ಅವರ ವೈರವೆಲ್ಲ ಅರ್ಧ ಸತ್ಯದ ಮೇಲೆ. ಅದು ಸತ್ಯದ ಬಟ್ಟೆಯನ್ನೇ ತೊಟ್ಟಿರುತ್ತದೆ, ಸತ್ಯದ ಮನೆಯ ವಿಳಾಸವನ್ನೇ ಹೇಳುತ್ತದೆ, ಹಾಗಾಗಿ ಅದನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಸಿಬ್ಬಂದಿ ಕೋಣೆಯಲ್ಲಿ ಯಾರು ಏನೇ ಸುದ್ದಿ ಹೇಳಲಿ, ಮೂಲೆಯಿಂದ ಅವರ ದನಿ ಏಳುತ್ತದೆ: "ಪೂರ್ತಿ ಹೇಳ್ರಿ." ಈ ಎರಡು ಪದಗಳಿಗೆ ಹೆದರಿ ನಮ್ಮಲ್ಲಿ ಎಷ್ಟೋ ಜನ ಸುದ್ದಿ ಹೇಳುವುದನ್ನೇ ಬಿಟ್ಟಿದ್ದೇವೆ. ಈ ಹಟದ ಬೇರು ಆನಗೋಡಿನ ಅವರ ಮನೆಯಲ್ಲಿದೆ. ತಂದೆ ಸಣ್ಣಬೀರಪ್ಪ ಹೊಲ ಬಿಟ್ಟು ದಾವಣಗೆರೆಯ ಹತ್ತಿ ಗಿರಣಿಗೆ ಸೇರಿದವರು, ಅಲ್ಲಿ ಕ್ಷಯ ಅಂಟಿಸಿಕೊಂಡವರು. ಮಾತ್ರೆ ಶುರುವಾಗಿ ಕೆಮ್ಮು ನಿಂತಾಗ ಓಣಿಯ ಹಿರಿಯರೊಬ್ಬರು, "ಕೆಮ್ಮು ಹೋತಲ್ಲ, ಇನ್ನ ಮಾತ್ರೆ ಯಾಕ?" ಎಂದರು. ಕೆಮ್ಮು ಹೋದದ್ದು ನಿಜವೇ. ಆ ಅರ್ಧ ನಿಜವನ್ನು ನಂಬಿ ಸಣ್ಣಬೀರಪ್ಪ ಮಾತ್ರೆ ಬಿಟ್ಟರು. ಮರುಕಳಿಸಿದ ಕಾಯಿಲೆ ಅವರನ್ನು ಉಳಿಸಲಿಲ್ಲ.

ಮಗಳು, ಓರಗೆಯವರು ತಮ್ಮ ಮಕ್ಕಳ ಮದುವೆಗೆ ಛತ್ರ ಹುಡುಕುವ ವಯಸ್ಸಿನಲ್ಲಿ, ಪಿಎಚ್.ಡಿ.ಗೆ ಕೂತರು. ವಿಷಯ: ಕ್ಷಯದ ಕ್ರಿಮಿಯನ್ನು ನುಂಗುವ ಭಕ್ಷಕ ಕೋಶಗಳು ಅದನ್ನು ಒಳಗೆ ಹೇಗೆ ಅರಗಿಸುತ್ತವೆ, ಮತ್ತು ಕೆಲವೊಮ್ಮೆ ಏಕೆ ಅರಗಿಸಲಾರದೆ ಸೋಲುತ್ತವೆ. ಆ ಅರಗಿಸುವ ಕ್ರಿಯೆಯ ಹೆಸರು ಆಟೊಫೇಜಿ, ಅಂದರೆ ಸ್ವಭಕ್ಷಣೆ. ಈ ಪದ ಬಾಯಿಗೆ ಬಂದರೆ ಸಾಕು, ಸದಾ ಗಂಟಿಕ್ಕಿದ ಆ ಹುಬ್ಬುಗಳ ನಡುವಿನ ಗೆರೆ ಸಡಿಲಾಗಿ, ಮುಖಕ್ಕೆ ಕಾಲೇಜು ಹುಡುಗಿಯ ಕಳೆ ಬರುತ್ತಿತ್ತು.

ಆ ಕಳೆಯೇ ಅವರಿಗೆ ಮುಳುವಾಯಿತು. ವಿಜ್ಞಾನ ದಿನದಂದು ಕಾಲೇಜಿನ ಸಭಾಂಗಣದಲ್ಲಿ ಅವರು ಮಾಡಿದ ಉಪನ್ಯಾಸವನ್ನು ಕೇಳಿದವರೆಲ್ಲ ಇಂದಿಗೂ ನೆನೆಯುತ್ತಾರೆ. ಜೀವಕೋಶವು ತನ್ನೊಳಗಿನ ಮುರಿದ, ಹಳಸಿದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಹುಳಿರಸ ತುಂಬಿದ ಪುಟ್ಟ ಸಂಚಿಗೆ ಸಾಗಿಸಿ, ಅಲ್ಲಿ ಕರಗಿಸಿ, ಸಿಕ್ಕ ಸಾರವನ್ನು ಮತ್ತೆ ಬಳಸಿಕೊಳ್ಳುತ್ತದೆ. ಒಳಹೊಕ್ಕ ಕ್ರಿಮಿಯನ್ನೂ ಹೀಗೆಯೇ ಹಿಡಿದು ಅರೆಯುತ್ತದೆ. ಒಳಗಿನ ಕಸ ಹೊತ್ತುಹೊತ್ತಿಗೆ ಹೋಗದಿದ್ದರೆ ಅದರ ಚೂರುಗಳನ್ನು ಕಂಡು ರೋಗನಿರೋಧಕ ವ್ಯವಸ್ಥೆ ಶತ್ರುವೇ ಬಂದನೆಂದು ಬೆಚ್ಚಿ, ಉರಿಯೂತ ಎಬ್ಬಿಸುತ್ತದೆ. "ಉಪವಾಸ ಇದ್ದಾಗ ಈ ಕೆಲಸ ಚುರುಕಾಗ್ತದೆ," ಎಂದರು ಮೇಡಂ, ಏಪ್ರನ್ನಿನ ಜೇಬಿನಲ್ಲಿ ಕೈ ಇಳಿಬಿಟ್ಟು. "ಕೋಶ ತನ್ನ ಕಸಾನ ತಾನೇ ತಿಂದು ಹಗುರಾಗ್ತದೆ. ನಮ್ಮ ರೋಗನಿರೋಧಕ ಶಕ್ತಿಗೆ ಇದಕ್ಕಿಂತ ದೊಡ್ಡ ಗೆಳೆಯ ಇನ್ನೊಬ್ಬನಿಲ್ಲ."

ಚಪ್ಪಾಳೆ ಬಿತ್ತು. ಅವರು ನೀರು ಕುಡಿದರು. ಲೋಟ ಕೆಳಗಿಟ್ಟು, "ಇಷ್ಟಕ್ಕೇ ಎದ್ದು ಹೋದ್ರೆ ಕೆಟ್ರಿ. ಇನ್ನೂ ಅರ್ಧ ಐತೆ," ಎಂದು ಉಳಿದದ್ದನ್ನು ಹೇಳಿದರು. ಆ ಗೆಳೆಯ ನಮಗಷ್ಟೇ ಅಲ್ಲ, ನಮ್ಮ ಶತ್ರುಗಳಿಗೂ ಗೆಳೆಯನೇ. ಕೆಲವು ವೈರಸ್‌ಗಳು ಅದೇ ಪೊರೆಗಳಲ್ಲಿ ಮನೆ ಮಾಡಿ ಮರಿ ಹಾಕುತ್ತವೆ, ಬೆಳೆದ ಕ್ಯಾನ್ಸರ್ ಗಡ್ಡೆ ಅದೇ ಕ್ರಿಯೆಯಿಂದ ಹಸಿವು ತಡೆದುಕೊಳ್ಳುತ್ತದೆ. ಲೂಪಸ್‌ನಂಥ ಕಾಯಿಲೆಯಲ್ಲಿ ದೇಹ ತನ್ನನ್ನೇ ಶತ್ರುವೆಂದು ಬಗೆದು ಕಾದಾಡುವಾಗ, ತನ್ನ ಮೇಲೆಯೇ ಬಾಣ ಬಿಡುವ ಕೋಶಗಳು ದೀರ್ಘಕಾಲ ಬದುಕುಳಿಯುವುದೂ ಇದೇ ಸ್ವಭಕ್ಷಣೆಯ ಬಲದಿಂದ. ಹಾಗಾಗಿ ಎಲ್ಲಿ ಹೆಚ್ಚಬೇಕು, ಎಲ್ಲಿ ತಗ್ಗಬೇಕು ಎಂಬುದೇ ಪ್ರಶ್ನೆ; ಎಷ್ಟು ಉಪವಾಸಕ್ಕೆ ಮನುಷ್ಯನ ಯಾವ ಅಂಗದಲ್ಲಿ ಎಷ್ಟು ಎಂದು ಹೇಳಬಲ್ಲ ಅಳತೆಗೋಲು ಇನ್ನೂ ಯಾರ ಕೈಯಲ್ಲೂ ಇಲ್ಲ. ಇದಕ್ಕೆ ಚಪ್ಪಾಳೆ ಬೀಳಲಿಲ್ಲ. ಕಾಲೇಜಿನವರು ಇಡೀ ಉಪನ್ಯಾಸವನ್ನು ಯೂಟ್ಯೂಬಿಗೆ ಹಾಕಿದರು, ಎಲ್ಲರೂ ಮರೆತರು.

ಬಹುದಿನಗಳ ಮೇಲೆ, ಮೇಡಂ ತಮ್ಮ ಬಿಪಿ ಮಾತ್ರೆಗೆಂದು ಮೆಡಿಕಲ್ ಶಾಪಿಗೆ ಹೋದಾಗ, ಅಂಗಡಿಯ ಜಾಫರ್ ಅಳುಕುತ್ತಲೇ ಒಂದು ಮಾತು ತೆಗೆದ.

"ಮೇಡಂ, ನಿಮ್ಮ ಸ್ಟೂಡೆಂಟು ಚೈತ್ರಾ, ಊರಾಗೆ ಅದಾಳಲ್ರಿ?"

"ಅದಾಳೆ. ಯಾಕ?"

"ಮಾತ್ರೆ ಒಯ್ಯಾಕೆ ಬರ್ತಾನೇ ಇಲ್ಲ. ಬೇರೆ ಅಂಗಡೀಲಿ ತಗೊಂತಾಳೇನೋ ಅನ್ಕಂಡಿದ್ದೆ. ಮೊನ್ನೆ ಅವರಮ್ಮ ಸಿಕ್ಕಿದ್ರು, ಮಾತ್ರೆ ಬಿಟ್ಟಾಳೆ ಅಂದ್ರು. ಅದು ಬಿಡೋ ಮಾತ್ರೆ ಅಲ್ಲಲ್ರಿ."

ಮೇಡಂ ಕೌಂಟರಿನ ಮುಂದೆ ನಿಂತೇ ಬಿಟ್ಟರು. ಚೈತ್ರಾ ಅವರ ಮೆಚ್ಚಿನ ಶಿಷ್ಯೆ. ಈಗ ಖಾಸಗಿ ಹೈಸ್ಕೂಲೊಂದರಲ್ಲಿ ವಿಜ್ಞಾನದ ಶಿಕ್ಷಕಿ. ಕೆನ್ನೆಯ ಮೇಲೆ ಚಿಟ್ಟೆಯಾಕಾರದ ಕೆಂಪು ಮೂಡಿ, ಕೀಲುಗಳು ಹಿಡಿದು, ಅದು ಲೂಪಸ್ ಎಂದು ತಿಳಿದ ಮೇಲೆ ಸರಿಯಾದ ವೈದ್ಯರ ಬಳಿಗೆ ಕರೆದೊಯ್ದವರೂ ಮೇಡಂ ಅವರೇ. ವೈದ್ಯರು ಬರೆದ, ಮೂಲದಲ್ಲಿ ಮಲೇರಿಯಾಕ್ಕೆಂದು ಬಂದ ಆ ಮಾತ್ರೆಯಿಂದ ಹುಡುಗಿ ಚೇತರಿಸಿಕೊಂಡು, ಸ್ಕೂಟಿ ಹತ್ತಿ ಶಾಲೆಗೆ ಹೋಗಿ ಬರುತ್ತಿದ್ದಳು.

ಶಾಮನೂರಿನ ಅಂಚಿನ ಹೊಸ ಬಡಾವಣೆಯಲ್ಲಿ ಚೈತ್ರಾಳ ಮನೆ. ತಾಯಿ ಕೊಟ್ರವ್ವ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಗಳನ್ನು ಬಿ.ಎಡ್. ಓದಿಸಿದವಳು. ಮೇಡಂ ಒಳಗೆ ಬರುತ್ತಲೇ ಚಾಪೆ ಹಾಸಿ, "ಬರ್ರಿ ಮೇಡಮ್ಮಾರೆ, ಕೂಡ್ರಿ," ಎಂದಳು. "ನಿಮ್ಮ ಮಾತು ಒಂಚೂರೂ ಮೀರಿಲ್ಲ ನೋಡ್ರಿ ಇವಳು. ನೀರು ಬಿಟ್ರೆ ಏನೂ ಮುಟ್ಟಂಗಿಲ್ಲ ಅಂತ ಕುಂತಾಳೆ. ಮಾತ್ರೆನೂ ಬಿಟ್ಟಾಳೆ."

"ನನ್ನ ಮಾತೇನವ್ವ?"

ಗೋಡೆಗೊರಗಿ ಕೂತಿದ್ದ ಚೈತ್ರಾ ಫೋನು ತೆಗೆದು ಮುಂದೆ ಹಿಡಿದಳು. ಹರಿಹರದ ಆರೋಗ್ಯ ಶಿಬಿರವೊಂದರ ಜಾಹೀರಾತು. ಶಂಖದ ನಾದ, ಹೊಳೆಯ ಮೇಲೆ ಏಳುವ ಸೂರ್ಯ, ಆಮೇಲೆ ನೇರಳೆ ಕಲೆಗಳ ಏಪ್ರನ್, ಮತ್ತು ತಮ್ಮದೇ ಮುಖ. 'ಕೋಶ ತನ್ನ ಕಸಾನ ತಾನೇ ತಿಂದು ಹಗುರಾಗ್ತದೆ. ನಮ್ಮ ರೋಗನಿರೋಧಕ ಶಕ್ತಿಗೆ ಇದಕ್ಕಿಂತ ದೊಡ್ಡ ಗೆಳೆಯ ಇನ್ನೊಬ್ಬನಿಲ್ಲ.' ಚಪ್ಪಾಳೆ. ಕತ್ತರಿ ಸರಿಯಾಗಿ ಅಲ್ಲಿಗೇ, ನೀರಿನ ಲೋಟಕ್ಕೆ ಕೈ ಚಾಚುವ ಮುನ್ನ, ಬಿದ್ದಿತ್ತು. ನಂತರ ಬಿಳಿ ಜುಬ್ಬಾ ತೊಟ್ಟ ಅಶ್ವಥ್ ಎಂಬಾತ ಕೈಮುಗಿದು, ಜಪಾನಿನ ವಿಜ್ಞಾನಿಗೆ ದೊಡ್ಡ ಬಹುಮಾನ ಬಂದದ್ದೂ ಇದಕ್ಕೇ ಎಂದು ಹೇಳಿ, ಔಷಧಿ ಎನ್ನುವುದು ಈ ಸ್ವಚ್ಛತೆಗೆ ಅಡ್ಡಿ, ಶಿಬಿರಕ್ಕೆ ಬರುವವರು ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು ಎಂದು ಮೃದುವಾಗಿ ಕೇಳಿಕೊಳ್ಳುತ್ತಿದ್ದ.

"ಬೇರೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿದ್ನೇನ್ರಿ ಮೇಡಂ?" ಎಂದಳು ಚೈತ್ರಾ. "ನೀವಿದ್ರಲ್ಲ. ನಿಮ್ಮ ದನಿ ಇತ್ತಲ್ಲ."

ಆ ಕ್ಷಣದ ಬಗ್ಗೆ ಮೇಡಂ ಆಮೇಲೆ ನಮ್ಮೆದುರು ಹೇಳಿದ್ದಿಷ್ಟೇ: ತಮ್ಮ ನಾಲಗೆಯನ್ನು ಯಾರೋ ಕಿತ್ತು ಬೇರೆಯವರ ಬಾಯಲ್ಲಿಟ್ಟು ಮಾತಾಡಿಸಿದಂತಾಯಿತು ಎಂದು. ಆದರೆ ಅಲ್ಲಿ ಅವರು ಸಿಟ್ಟನ್ನು ತೋರಗೊಡಲಿಲ್ಲ. ಹುಡುಗಿಯ ಪಾದದ ಬಳಿ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು.

"ಮುಖ ಯಾವಾಗಿಂದ ಊದೈತೆ?"

"ವಿಷ ಹೊರಗೆ ಬರೋವಾಗ ಹಂಗಾಗ್ತದಂತೆ. ಒಳ್ಳೇ ಲಕ್ಷಣ ಅಂದ್ರು ಶಿಬಿರದ ಗುರೂಜಿ."

"ಮೂತ್ರದಾಗೆ ನೊರೆ ಬರ್ತದಾ?"

ಚೈತ್ರಾ ಹೌದೆಂದು ತಲೆಯಾಡಿಸಿದಳು. ಕೊಟ್ರವ್ವ ಇಬ್ಬರ ಮುಖವನ್ನೂ ನೋಡುತ್ತಾ, "ಏನಾತ್ರಿ?" ಎಂದಳು.

"ಏಳು. ಸೀರೆ ಗೀರೆ ಏನೂ ಬ್ಯಾಡ, ಹಂಗೇ ಏಳು," ಎಂದು ಮೇಡಂ ಹುಡುಗಿಯ ತೋಳು ಹಿಡಿದೆತ್ತಿದರು. ಆಟೋದಲ್ಲಿ ಆಸ್ಪತ್ರೆ ಮುಟ್ಟುವ ತನಕ ಚೈತ್ರಾಳ ಪ್ರಶ್ನೆಗಳಿಗೆ ಉತ್ತರಿಸುತ್ತಲೇ ಬಂದರು. "ಹುಳಿರಸದ ಸಂಚಿ ಅಂದಿದ್ನಲ್ಲ, ನೀನು ನುಂಗ್ತಿದ್ದ ಮಾತ್ರೆ ಆ ಹುಳಿನ ಕಡಿಮೆ ಮಾಡ್ತದೆ. ಅದು ಇನ್ನೂ ಬೇರೆ ಕೆಲಸನೂ ಮಾಡ್ತದೆ, ಇಲ್ಲ ಅನ್ನಲ್ಲ. ಆದ್ರೆ ಆ ಪುಣ್ಯಾತ್ಮ ಯಾವುದನ್ನ ಜೋರು ಮಾಡ್ರಿ ಅಂತಾನೋ, ಅದನ್ನ ನಿನ್ನ ಮೈಯಾಗೆ ಒಂದಿಷ್ಟು ತಗ್ಗಿಸೋ ಮಾತ್ರೇನೇ ಡಾಕ್ಟ್ರು ಕೊಟ್ಟಿದ್ದು. ನಿನ್ನ ರೋಗನಿರೋಧಕ ಶಕ್ತಿ ಕಡಿಮೆ ಆಗಿಲ್ಲ ಮಗಳೇ. ಅದು ದಿಕ್ಕು ತಪ್ಪೈತೆ."

ಕಾಯಿಲೆ ಮೂತ್ರಪಿಂಡ ತಲುಪಿತ್ತು. ತಡವಾಗಿದೆ, ಆದರೆ ಕೈಮೀರಿಲ್ಲ ಎಂದರು ವೈದ್ಯರು. ಕೊಟ್ರವ್ವ ಆಸ್ಪತ್ರೆಯ ಕಾರಿಡಾರಿನಲ್ಲಿ ಮೇಡಂ ಅವರ ಏಪ್ರನ್ನಿನ ತುದಿ ಹಿಡಿದುಕೊಂಡು, "ನೀವು ಹೇಳೀರಿ ಅಂತ ನಾನೂ ಸುಮ್ಮನಿದ್ದೆ ನೋಡ್ರಿ," ಎಂದಳೇ ಹೊರತು ಬೈಯಲಿಲ್ಲ. ಬೈದಿದ್ದರೆ ತಾಳಿಕೊಳ್ಳಬಹುದಿತ್ತು ಎಂದು ಮೇಡಂ ಅಂದದ್ದುಂಟು.

ಮುಂದಿನ ಭಾನುವಾರ ಅವರು ಹರಿಹರದ ಬಸ್ಸು ಹತ್ತಿದರು. ನಮ್ಮಲ್ಲಿ ಕೆಲವರು, ಪೊಲೀಸರಿಗೆ ಹೇಳೋಣ, ವಕೀಲರನ್ನು ಕಾಣೋಣ, ಒಬ್ಬರೇ ಹೋಗಬೇಡಿ ಎಂದೆವು; ಜೊತೆಗೆ ಹೋಗಲು ಮಾತ್ರ ಯಾರಿಗೂ ಬಿಡುವಿರಲಿಲ್ಲ. ಹೊಳೆದಂಡೆಗೆ ಹತ್ತಿರದ ಕಲ್ಯಾಣ ಮಂಟಪದಲ್ಲಿ ಶಿಬಿರ. ಹದಡಿಯಿಂದ, ಮಲೇಬೆನ್ನೂರಿನಿಂದ, ರಾಣೆಬೆನ್ನೂರಿನಿಂದ ಬಂದ ಜನ ಜಮಖಾನೆಯ ಮೇಲೆ ತುಂಬಿದ್ದರು. ಬಾಡಿದ ಮುಖಗಳು, ಕೈಯಲ್ಲಿ ನಿಂಬೆನೀರಿನ ಬಾಟಲಿ, ಕಣ್ಣಿನಲ್ಲಿ ನಂಬಿಕೆ. ಮೇಡಂ ನಡುವಿನ ದಾರಿಯಲ್ಲಿ ನೇರ ವೇದಿಕೆಯತ್ತ ನಡೆದರು. ಬೈಯಬೇಕಾದ ಮಾತುಗಳನ್ನೆಲ್ಲ ಬಸ್ಸಿನಲ್ಲಿಯೇ ಜೋಡಿಸಿಟ್ಟುಕೊಂಡಿದ್ದರು.

ಆದರೆ ಅಶ್ವಥ್ ಸಾಮಾನ್ಯನಲ್ಲ. ಏಪ್ರನ್ ಕಂಡದ್ದೇ ವೇದಿಕೆಯಿಂದ ಇಳಿದು ಬಂದು, ಅಷ್ಟು ಜನರೆದುರು ಅವರ ಕಾಲಿಗೆ ಬಿದ್ದ. "ನೋಡ್ರಿ, ನಮ್ಮ ಭಾಗ್ಯ! ಯಾರ ಮಾತು ಕೇಳಿ ನೀವೆಲ್ಲ ಬಂದೀರೋ ಆ ತಾಯಿನೇ ಬಂದಾರೆ," ಎಂದು ಮೈಕಿನಲ್ಲಿ ಸಾರಿದ. ಯಾರೋ ಶಾಲು ತಂದರು, ಯಾರೋ ಹಾರ ತಂದರು. ಕಣ್ಣು ಮಿಟುಕಿಸುವುದರೊಳಗೆ ಹೆಗಲ ಮೇಲೆ ಜರಿ ಶಾಲು ಬಿತ್ತು, ಮಂಟಪ ಚಪ್ಪಾಳೆಯಿಂದ ತುಂಬಿತು. ಬೈಗುಳವನ್ನು ಎದುರಿಸಲು ಸಿದ್ಧನಾದವನನ್ನು ಬೈಯುವುದು ಸುಲಭ; ಕಾಲು ಹಿಡಿದವನನ್ನು ಬೈಯುವುದು ಹೇಗೆ? ನಮ್ಮ ಜನಕ್ಕೆ ಸಂಸ್ಕಾರವೆಂದು ಕಲಿಸಿದ್ದೆಲ್ಲ ಆ ಗಳಿಗೆಯಲ್ಲಿ ಅವನ ಪಾಲಿನ ಕಾವಲಾಗಿ ನಿಂತಿತು.

ಮೇಡಂ ಶಾಲನ್ನು ತೆಗೆದು, ನಾಲ್ಕಾಗಿ ಮಡಿಸಿ, ಅವನ ಕೈಗಿಟ್ಟರು.

"ನನ್ನ ಮಾತು ಪೂರ್ತಿ ಹಾಕು," ಎಂದರು. "ಕತ್ತರಿಸಿದ್ಯಲ್ಲ, ಅಲ್ಲಿಂದ ಮುಂದೆ ಏನೈತೆ, ಇವರಿಗೆ ಕೇಳಿಸು."

"ಅಮ್ಮಾ, ಅದೆಲ್ಲ ಕಠಿಣ ಆಗ್ತದೆ ಇವರಿಗೆ. ಸಾರ ಅಷ್ಟೇ ಸಾಕು ಅಂತ..." ಎಂದು ಅವನು ನಕ್ಕ.

"ಸಾರ ಅಲ್ಲಲೇ ಅದು! ಒಂದು ಹುಡುಗಿ ಆಸ್ಪತ್ರೆಯಾಗೆ ಮಲಗ್ಯಾಳೆ. ನನ್ನ ದನಿ ಕೇಳಿ ಮಾತ್ರೆ ಬಿಟ್ಟಾಳೆ. ಊತ ಬಂದ್ರೆ ಒಳ್ಳೇ ಲಕ್ಷಣ ಅಂದ್ಯಂತೆ. ಅಂದಿದ್ಯೋ ಇಲ್ವೋ?"

ಯಾರೋ ಮೈಕು ಆರಿಸಿದರು. ಆದರೆ ಕೊನೆಯ ಬೆಂಚಿನ ಹುಡುಗನನ್ನು ಎಬ್ಬಿಸಿ ಪಳಗಿದ ಕಂಠಕ್ಕೆ ಮೈಕು ಯಾಕೆ ಬೇಕು? ಅವರು ಜನರತ್ತ ತಿರುಗಿ, ಉಪನ್ಯಾಸದ ಉಳಿದರ್ಧವನ್ನು, ಎಲ್ಲಿ ಕತ್ತರಿ ಬಿದ್ದಿತ್ತೋ ಅಲ್ಲಿಂದಲೇ, ಹೇಳತೊಡಗಿದರು. ಉಪವಾಸವೇ ವಿಷ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಿದ್ದರೆ ಜನ ಕೇಳುತ್ತಿದ್ದರೋ ಏನೋ. "ವಾರಕ್ಕೊಂದು ಒಪ್ಪೊತ್ತು ಮಾಡ್ರಿ, ಗಟ್ಟಿ ಇದ್ದೋರು ಮಾಡ್ರಿ, ನಾ ಬ್ಯಾಡ ಅನ್ನಲ್ಲ. ಮಾತ್ರೆ ಬಿಡಬ್ಯಾಡ್ರಿ," ಎಂದರು. ಮುಂದಿದ್ದ ಹಿರಿಯರೊಬ್ಬರು ಎದ್ದು, "ಯಾಕವ್ವಾ, ಒಳ್ಳೇ ಕೆಲಸಕ್ಕೆ ಅಡ್ಡಗಾಲು ಹಾಕ್ತೀ? ಕಾಲಿಗೆ ಬಿದ್ದೋನಿಗೆ ಹಿಂಗಾ ಮಾತಾಡೋದು?" ಎಂದರು. ಹೌದು ಹೌದು ಎಂದು ಸುತ್ತಲಿನವರು ದನಿಗೂಡಿಸಿದರು. ಸ್ವಯಂಸೇವಕರಿಬ್ಬರು, "ಬರ್ರಿ ಅಮ್ಮಾ, ಬಿಸಿಲಿಗೆ ಬಂದೀರಿ, ಸುಸ್ತಾಗೈತೆ," ಎಂದು ಅತ್ಯಂತ ವಿನಯದಿಂದ ಅವರ ಎರಡೂ ತೋಳು ಹಿಡಿದು ಹೊರಬಾಗಿಲಿಗೆ ನಡೆಸಿದರು.

ಮೆಟ್ಟಿಲ ಮೇಲೆ ಅವರು ನಿಂತಿದ್ದಾಗ ಹಿಂದಿನಿಂದ ಒಬ್ಬ ಹೆಂಗಸು ಸೆರಗು ಸರಿಪಡಿಸಿಕೊಳ್ಳುತ್ತಾ ಬಂದಳು. ಹೆಸರು ಹುಲಿಗೆಮ್ಮ, ಹದಡಿಯವಳು. "ನಂಗೆ ಸಕ್ಕರೆ ಕಾಯಿಲೆ ಐತ್ರಿ. ಸೂಜಿ ಬಿಟ್ಟೀನಿ. ನಿನ್ನೆಯಿಂದ ವಾಂತಿ. ಇದು ಕಸ ಹೋಗೋದೇನ್ರಿ, ಬ್ಯಾರೆ ಏನಾರೆ ಏನ್ರಿ?" ಎಂದು ಕೇಳಿದಳು. ಮೇಡಂ ಉತ್ತರ ಹೇಳುತ್ತಾ ನಿಲ್ಲಲಿಲ್ಲ. ಅವಳ ಕೈ ಹಿಡಿದು ರಸ್ತೆಗೆ ಇಳಿದು, ಸಿಕ್ಕ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಅಷ್ಟು ದೊಡ್ಡ ಮಂಟಪದಿಂದ ಅವರ ಹಿಂದೆ ಎದ್ದು ಬಂದದ್ದು ಅವಳೊಬ್ಬಳೇ.

ಆಮೇಲೆ ನಡೆದದ್ದು ಇನ್ನೂ ಹೇಸಿಗೆಯ ಕತೆ. ಶಿಬಿರದ ಪೋಷಕರಲ್ಲಿ ಒಬ್ಬರು ನಮ್ಮ ಆಡಳಿತ ಮಂಡಳಿಗೆ ಬೇಕಾದವರು. ಪ್ರಾಂಶುಪಾಲರು ಮೇಡಂ ಅವರನ್ನು ಕರೆಸಿ, ಕುರ್ಚಿ ಕೊಟ್ಟು, ಚಹಾ ತರಿಸಿ, ಈ ರಗಳೆಗೆ ಮೂಲವಾದ ಉಪನ್ಯಾಸವನ್ನೇ ಯೂಟ್ಯೂಬಿನಿಂದ ತೆಗೆದುಬಿಟ್ಟರೆ ಎಲ್ಲರಿಗೂ ನೆಮ್ಮದಿ ಎಂದರು. "ಪೂರ್ತಿ ಇರೋದನ್ನ ತೆಗೀರಿ, ಅರ್ಧ ಇರೋದು ಇರಲಿ ಅಂತೀರೇನ್ರಿ?" ಎಂದು ಕೇಳಿ, ಮೇಡಂ ಚಹಾ ಮುಟ್ಟದೆ ಎದ್ದು ಬಂದರು. ಉಪನ್ಯಾಸ ಮರುದಿನವೇ ಮಾಯವಾಯಿತು. ಆರೋಗ್ಯ ಇಲಾಖೆಗೆ ಮೇಡಂ ಕೊಟ್ಟ ದೂರು ಇಂದಿಗೂ 'ಪರಿಶೀಲನೆಯಲ್ಲಿದೆ'. ಅಶ್ವಥ್ ತನ್ನ ಜಾಹೀರಾತಿನಿಂದ ಮೇಡಂ ಅವರ ಮುಖ ತೆಗೆದ. ಬೇರೆ ಜಿಲ್ಲೆಯಲ್ಲಿ, ಬೇರೆ ಹೊಳೆಯ ದಂಡೆಯಲ್ಲಿ, ಈಗ ಕರುಳು ಶುದ್ಧಿಯ ಶಿಬಿರ ನಡೆಸುತ್ತಾನಂತೆ. ಅವನಿಗೇನೂ ಆಗಲಿಲ್ಲ. ಮತ್ತೊಮ್ಮೆ ಬರೆಯುತ್ತೇನೆ: ಏನೂ ಆಗಲಿಲ್ಲ.

ಹುಲಿಗೆಮ್ಮ ಉಳಿದಳು. ಚೈತ್ರಾ ಕೂಡ ಉಳಿದಳು. ಮೂತ್ರಪಿಂಡಗಳು ಪೂರ್ತಿ ಮೊದಲಿನಂತಾಗಲಿಲ್ಲ. ಉಪ್ಪು ಕಡಿಮೆ, ಮಾತ್ರೆ ಹೆಚ್ಚು, ಸ್ಟೀರಾಯ್ಡಿನಿಂದ ಗುಂಡಗಾದ ಮುಖ. ಮತ್ತೆ ಶಾಲೆಗೆ ಹೋಗುವ ಮುನ್ನ ಮೇಡಂ ಅವರನ್ನು ನೋಡಲು ಬಂದವಳು ಪ್ರಯೋಗಾಲಯದ ಬಾಗಿಲಲ್ಲೇ ನಿಂತಳು.

"ನನ್ನ ಮೇಲೆ ಸಿಟ್ಟೈತೇನ್ರಿ ಮೇಡಂ?"

"ಐತೆ," ಎಂದರು ಮೇಡಂ, ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ. "ವಿಜ್ಞಾನ ಓದಿ, ಮುಂದೇನೈತೆ ಅಂತ ಹುಡುಕಿ ನೋಡ್ಲಿಲ್ವಲ್ಲ ಅಂತ ಐತೆ. ಬಾ, ಒಳಗೆ ಬಾ. ಊಟ ಆತಾ?"

ಮೇಡಂ ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತು ಎನ್ನುವವರು ಕಾಲೇಜಿನಲ್ಲಿ ಈಗಲೂ ಇದ್ದಾರೆ. ವಿಷಯ ಸರಿ, ರೀತಿ ಸರಿಯಿಲ್ಲ ಎನ್ನುತ್ತಾರೆ. ಇಂಥವರನ್ನು ನಾವು ಸಿಡುಕರೆಂದು ಕರೆದು, ಮದುವೆ ಮುಂಜಿಗಳಲ್ಲಿ ಪಕ್ಕದ ಕುರ್ಚಿಯನ್ನು ಖಾಲಿ ಬಿಟ್ಟು, ಅವರ ಮಾತಿಗೆ ಹಿಂದಿನಿಂದ ನಗುತ್ತೇವೆ. ಕಹಿ ನುಡಿಯುವವನಿಗಿಂತ ಕೈಮುಗಿಯುವವನೇ ವಾಸಿ ಎಂಬುದು ನಮ್ಮ ಸಭ್ಯತೆಯ ತೀರ್ಪು. ಆ ತೀರ್ಪಿನ ನೆರಳಿನಲ್ಲೇ ಎಷ್ಟು ಜನ ನಯವಂತರು ಎಷ್ಟು ಮನೆಗಳನ್ನು ಹಾಳುಗೆಡವಿದ್ದಾರೋ ಲೆಕ್ಕವಿಟ್ಟವರಿಲ್ಲ. ಇಂಥ ಒರಟರ ಸಿಟ್ಟಿನಲ್ಲಿ ಅವರದೆನ್ನುವ ಲಾಭವೇನೂ ಇರುವುದಿಲ್ಲ. ಕಂಡದ್ದನ್ನು ಕಂಡಷ್ಟೂ ಹೇಳದಿದ್ದರೆ ಯಾರಿಗೋ ನೋವಾಗುತ್ತದೆ ಎಂಬ ಅರಿವೇ ಅವರನ್ನು ಒರಟಾಗಿಸುತ್ತದೆ. ಊರಿಗೊಬ್ಬರಾದರೂ ಅಂಥವರು ಇರುತ್ತಾರೆ, ಮತ್ತು ಪ್ರತಿ ಊರೂ ಅವರನ್ನು ಬಾಗಿಲ ತನಕ ಅತ್ಯಂತ ವಿನಯದಿಂದ ನಡೆಸಿಕೊಂಡು ಬಂದು, ಹೊರಗೆ ಬಿಟ್ಟು, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆ.